ಗುರುವಪ್ಪಣ್ಣನ ನಲವತ್ತೆರಡನೆಯ ಬಾವುಟ

ಹಳೆಯ ಸಾಮಾನು ಕೂಡಿಡುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುವುದಿಲ್ಲ. ಡೊಂಬಿವಲಿಯ ನಮ್ಮ ಸಣ್ಣ ಮನೆಯಲ್ಲಿ ಜಯಲತಾ ಒಂದು ಖಾಲಿ ಡಬ್ಬಿ ಎತ್ತಿಟ್ಟರೂ ನಾನು ಕೂಗಾಡುತ್ತೇನೆ. ಹೆಂಡತಿ ಎಂದಮೇಲೆ ಆಕೆಯೂ ಕೂಗಾಡುತ್ತಾಳೆ, ಡಬ್ಬಿ ಅಲ್ಲೇ ಇರುತ್ತದೆ. ಇಂಥ ನನ್ನ ಬಳಿ, ನಮ್ಮ ಕನ್ನಡ ಸಂಘದ ವಾರ್ಷಿಕೋತ್ಸವಕ್ಕೆ ಎರಡು ವಾರ ಇದೆ ಎನ್ನುವಾಗ, ಗುರುವಪ್ಪಣ್ಣ ಬಂದು ಮಿಲಿಟರಿಯ ಹಳೆಯ ಬಾವುಟಗಳನ್ನು ಹತ್ತು ಜನರಿಗೆ ತೋರಿಸಬೇಕು, ಒಂದು ಮೇಜು ಕೊಡಿ ಎಂದರು. ನಾನು ಸಂಘದ ಕಾರ್ಯದರ್ಶಿ, ಕೊಡುವ ಅಧಿಕಾರವೂ ಇತ್ತು, ಇಲ್ಲವೆನ್ನುವ ಅಧಿಕಾರವೂ ಇತ್ತು. ಕೊನೆಗೆ ಸಭಾಂಗಣದ ಹೊರಗೆ, ಚಪ್ಪಲಿ ಬಿಡುವ ಜಾಗದ ಪಕ್ಕದಲ್ಲಿ ಒಂದು ಮೇಜು ಹಾಕಿಸಿದೆ. ಅದಕ್ಕಾಗಿ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಗುರುವಪ್ಪಣ್ಣ ಕಾಪುವಿನ ಕಡೆಯವರು. ತಾಯಿ ಬೀಡಿ ಕಟ್ಟಿ ಮಕ್ಕಳನ್ನು ಸಾಕಿದವರು. ಹುಡುಗನೂ ಶಾಲೆಯಿಂದ ಬಂದವನೇ ತಾಯಿಯ ಪಕ್ಕ ಕುಳಿತು ಬೀಡಿಗೆ ನೂಲು ಸುತ್ತುತ್ತಿದ್ದ. ಹದಿನೈದನೆಯ ವಯಸ್ಸಿಗೆ ಕಲ್ಯಾಣಕ್ಕೆ ಬಂದು ಸ್ಟೇಷನ್ನಿನ ಎದುರಿನ ಒಂದು ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದರು. ಸೋಡಾ ನೀರಿಗೆ ಕೈ ಹುಣ್ಣಾದ ಮೇಲೆ ಊರಿನವರೊಬ್ಬರ ಬೆನ್ನು ಹಿಡಿದು ಭಿವಂಡಿಗೆ ಹೋಗಿ ಪವರ್‌ಲೂಮ್ ಕಾರ್ಖಾನೆ ಸೇರಿದರು. ಮೂವತ್ತೊಂದು ವರ್ಷ ಅಲ್ಲಿ ಮಾಡಿದ್ದು ಒಂದೇ ಕೆಲಸ, ಚೆಕಿಂಗ್. ಮಗ್ಗದಿಂದ ಇಳಿದ, ಇನ್ನೂ ಬಣ್ಣ ಹಾಕದ ಕೋರಾ ಬಟ್ಟೆಯನ್ನು ಗಾಜಿನ ಮೇಜಿನ ಮೇಲೆ ಎಳೆಯಬೇಕು, ಗಾಜಿನ ಕೆಳಗೆ ಟ್ಯೂಬ್‌ಲೈಟ್ ಉರಿಯುತ್ತಿರುತ್ತದೆ. ಎಳೆ ತುಂಡಾದಲ್ಲಿ, ಎಣ್ಣೆ ಬಿದ್ದಲ್ಲಿ, ನೇಯ್ಗೆ ತಪ್ಪಿದಲ್ಲಿ ಬಟ್ಟೆಯ ಅಂಚಿಗೆ ನೂಲಿನ ಒಂದು ಗಂಟು ಹಾಕಬೇಕು. ಆಮೇಲೆ ಕತ್ತರಿಸುವವರು ಆ ಗಂಟು ನೋಡಿ ಕೆಟ್ಟ ತುಂಡನ್ನು ಬೇರೆ ಮಾಡುತ್ತಾರೆ.

ಒಬ್ಬೊಬ್ಬ ಚೆಕರನ ಗಂಟು ಒಂದೊಂದು ತರ. ಗುರುವಪ್ಪಣ್ಣನದು ಬೀಡಿಯ ಗಂಟು. ಎರಡು ಸುತ್ತು ಸುತ್ತಿ, ತುದಿಯನ್ನು ಉಗುರಿನಿಂದ ಒಳಗೆ ತುರುಕಿಬಿಡುವುದು. ಕಾರ್ಖಾನೆಯಲ್ಲಿ ಬೇರೆ ಯಾರಿಗೂ ಅದು ಬರುತ್ತಿರಲಿಲ್ಲ. ಸೇಠ್ ದೂರದಿಂದ ನೋಡಿ ಇದು ಅಣ್ಣಾನ ಮಾಲು ಎನ್ನುತ್ತಿದ್ದರಂತೆ. ಇದನ್ನು ಹೇಳುವಾಗ ಮಾತ್ರ ಗುರುವಪ್ಪಣ್ಣನ ಮುಖದಲ್ಲಿ ಸ್ವಲ್ಪ ಜಂಬ ಕಾಣುತ್ತಿತ್ತು.

ಮದುವೆಯಾಗಲಿಲ್ಲ. ಮೊದಲು ತಂಗಿಯರದು ಆಗಲಿ ಎಂದರು, ತಂಗಿಯರದು ಆಗುವಷ್ಟರಲ್ಲಿ ಇವರಿಗೆ ನಲವತ್ತಾಯಿತು. ಕಲ್ಯಾಣ ಪೂರ್ವದ ಚಾಳಿನ ಒಂದೇ ಖೋಲಿಯಲ್ಲಿ ಊರಿನ ಆರು ಗಂಡಸರಿದ್ದರು. ಒಬ್ಬೊಬ್ಬರೇ ಮದುವೆಯಾಗಿ ಬದ್ಲಾಪುರಕ್ಕೆ, ಐರೋಲಿಗೆ, ಎಲ್ಲೆಲ್ಲಿಗೋ ಹೋದರು. ಕೊನೆಗೆ ಉಳಿದವರು ಇವರು ಮತ್ತು ಆರು ಜನರ ಆರು ಮೊಳೆ. ಅಂಗಿ ನೇತುಹಾಕುವ ಆ ಮೊಳೆಗಳನ್ನು ಅವರು ಕೀಳಲೇ ಇಲ್ಲ, ಐದು ಬರಿದಾಗಿಯೇ ಇದ್ದವು.

ಬಾವುಟದ ಹುಚ್ಚು ಹತ್ತಿದ್ದು ಕಾರ್ಖಾನೆಯಲ್ಲಿದ್ದಾಗ. ಪಕ್ಕದ ಗೋಡೌನಿಗೆ ಚಿಂದಿ ಬಟ್ಟೆಯ ಮೂಟೆಗಳು ಬರುತ್ತಿದ್ದವು, ಯಂತ್ರ ಒರೆಸಲು ಬಳಸುವ ಚಿಂದಿ. ಅದರೊಳಗಿಂದ ಒಂದು ದಿನ ಮೂರು ಮೂಲೆಯ ಒಂದು ಬಟ್ಟೆ ಹೊರಬಂತು. ಹಸಿರು ಉಣ್ಣೆಯ ಮೇಲೆ ಬಿಳಿ ಬಟ್ಟೆಯಲ್ಲಿ ಕತ್ತರಿಸಿ ಹೊಲಿದ ಒಂದು ಹೇಸರಗತ್ತೆಯ ತಲೆ. ಗುರುವಪ್ಪಣ್ಣ ಮೊದಲು ನೋಡಿದ್ದು ಹೊಲಿಗೆಯನ್ನು. ಇಂಚಿಗೆ ಹದಿನಾಲ್ಕು ಹೊಲಿಗೆ, ಎಲ್ಲವೂ ಕೈಯಲ್ಲಿ ಹಾಕಿದ್ದು, ಹಿಂದೆ ಮುಂದೆ ಎರಡೂ ಕಡೆ ಒಂದೇ ಅಚ್ಚುಕಟ್ಟು. ಇಂಥ ಹೊಲಿಗೆ ಹಾಕಿದವನು ಯಾರು ಎಂದು ತಿಳಿಯದೆ ರಾತ್ರಿ ನಿದ್ದೆ ಬರಲಿಲ್ಲವಂತೆ. ಅಂಚಿನಲ್ಲಿದ್ದ ಶಾಯಿಯ ಮುದ್ರೆ ಓದಿಸಿ, ಯಾರ ಕೈಯಲ್ಲೋ ಮಿಲಿಟರಿಯವರಿಗೆ ಇಂಗ್ಲಿಷಿನಲ್ಲಿ ಪತ್ರ ಬರೆಸಿದರು, ಎಂಟು ತಿಂಗಳ ಮೇಲೆ ಉತ್ತರ ಬಂತು. ಬೆಟ್ಟದ ದಾರಿಯಲ್ಲಿ ಹೇಸರಗತ್ತೆಗಳ ಮೇಲೆ ಸಾಮಾನು ಸಾಗಿಸುತ್ತಿದ್ದ ಒಂದು ತುಕಡಿಯ ಬಾವುಟ ಅದು. ಅವರ ಹೆಸರಿಗೆ ಟಪಾಲಿನಲ್ಲಿ ಬಂದ ಮೊದಲ ಕಾಗದವೂ ಅದೇ.

ಆಮೇಲೆ ಮೂವತ್ತೆಂಟು ವರ್ಷದಲ್ಲಿ ನಲವತ್ತೊಂದು ಬಾವುಟಗಳಾದವು. ಕಲ್ಯಾಣದ ಗುಜರಿ ಅಂಗಡಿಗಳು, ಉಲ್ಲಾಸನಗರದ ಹರಾಜು, ತುರ್ಭೆಯ ಗೋಡೌನು, ಎಲ್ಲ ಕಡೆ ತಿರುಗಿದರು. ನಾವು ಬಣ್ಣ ನೋಡುತ್ತೇವೆ, ಚಿತ್ರ ನೋಡುತ್ತೇವೆ. ಅವರು ಬಟ್ಟೆಯನ್ನು ಬೆಳಕಿಗೆ ಹಿಡಿದು ಎಳೆ ಎಣಿಸುತ್ತಿದ್ದರು. ಕೋಲು ತೂರಿಸುವ ಮಡಿಕೆ ಯಾವ ಕಡೆ ಇದೆ, ಗಾಳಿಗೆ ಮೊದಲು ಹರಿದ ಮೂಲೆ ಯಾವುದು, ತೇಪೆ ಹಾಕಿದ ದರ್ಜಿಯೂ ಮೊದಲು ಹೊಲಿದವನೂ ಒಬ್ಬನೇ ಹೌದೋ ಅಲ್ಲವೋ, ಇಷ್ಟನ್ನು ನೋಡಿದ ಮೇಲೆಯೇ ಬಾಯಿ ಬಿಡುವುದು. ಮಗ್ಗಕ್ಕೆ ಬರುವ ರಟ್ಟಿನ ಕೊಳವೆಗಳಿಗೆ ಒಂದೊಂದನ್ನೂ ಸುತ್ತಿ, ನಡುವೆ ಲವಂಗ ಇಟ್ಟು, ಮಂಚದ ಕೆಳಗಿನ ಟ್ರಂಕಿನಲ್ಲಿ ಇಡುತ್ತಿದ್ದರು. ಅವರಿಗೆ ಒಂದು ನಿಯಮವಿತ್ತು. ಏನೇ ಆದರೂ ಹಳೆಯ ಹೊಲಿಗೆ ಬಿಚ್ಚಬಾರದು. ಬಿಚ್ಚಿದರೆ ಆ ದರ್ಜಿ ಎರಡನೆಯ ಸಲ ಸಾಯುತ್ತಾನೆ ಎನ್ನುತ್ತಿದ್ದರು.

ನಲವತ್ತೆರಡನೆಯದು ಕೆಂಪು ಹಸಿರು ಅರ್ಧರ್ಧ ಇದ್ದ ಹತ್ತಿಯ ಬಾವುಟ. ನಡುವೆ ಹಾರೆ ಪಿಕಾಸಿ ಅಡ್ಡಡ್ಡ. ಎರಡನೆಯ ಮಹಾಯುದ್ಧದಲ್ಲಿ ಬರ್ಮಾದ ಕಡೆ ರಸ್ತೆ ಕಡಿಯಲು ಹೋದ ಸೈನ್ಯದ ಪಯೋನಿಯರ್ ಕಂಪನಿಯದು ಎಂದು ಚೀಟಿ ಬರೆದು, ಆ ದಿನ ಚಪ್ಪಲಿಗಳ ಪಕ್ಕದ ಮೇಜಿನ ನಡುವೆ ಅದನ್ನೇ ಹರಡಿದ್ದರು. ಜನ ಚಪ್ಪಲಿ ಬಿಟ್ಟು ಒಳಗೆ ಹೋದರು, ಊಟ ಮುಗಿಸಿ ಚಪ್ಪಲಿ ಹಾಕಿಕೊಂಡು ಹೋದರು. ನಿಂತವರು ಒಬ್ಬರೇ. ಘಣಸೋಲಿಯಿಂದ ಮೊಮ್ಮಗಳು ಮಾನಸಿಯ ಕೈ ಹಿಡಿದು ಬಂದಿದ್ದ ಪದ್ಮಾವತಿ ಅಕ್ಕ. ಎಂಬತ್ತೊಂದು ವರ್ಷ, ಗಂಡ ಹಿಂದೆ ತುರ್ಭೆಯಲ್ಲಿ ಕ್ಯಾಂಟೀನ್ ನಡೆಸುತ್ತಿದ್ದರು, ತೀರಿಕೊಂಡು ಬಹಳ ಕಾಲವಾಗಿದೆ.

"ಈ ಹಾರೆ ಪಿಕಾಸಿ ನಮ್ಮ ಮನೆಯ ಫೋಟೋದಲ್ಲಿ ಉಂಟು" ಎಂದರು ಪದ್ಮಾವತಿ ಅಕ್ಕ. "ನನ್ನ ಅಪ್ಪ ಅದರ ಅಡಿಯಲ್ಲಿ ಕೂತಿದ್ದಾರೆ."

ಅವರ ತಂದೆ ಪೂವಪ್ಪ ಯುದ್ಧಕ್ಕೆ ಹೋದಾಗ ಪದ್ಮಾವತಿ ಅಕ್ಕ ತಾಯಿಯ ಹೊಟ್ಟೆಯಲ್ಲಿದ್ದರು. ಪೂವಪ್ಪ ತಿರುಗಿ ಬರಲಿಲ್ಲ. ಒಂದು ತಂತಿ ಬಂತು, ತಾಯಿ ಅದನ್ನು ಒಲೆಗೆ ಹಾಕಿದರು. ಗಂಡ ಬರುತ್ತಾರೆ ಎಂದು ಸಾಯುವವರೆಗೂ ಬಳೆ ತೊಟ್ಟು, ಕುಂಕುಮ ಇಟ್ಟರು. ಸತ್ತಿದ್ದಾರೆಂದು ಒಪ್ಪದೆ ಬೊಜ್ಜ, ಅಂದರೆ ಉತ್ತರಕ್ರಿಯೆ, ಮಾಡುವುದು ಹೇಗೆ? ತುಳುನಾಡಿನ ನಮ್ಮಲ್ಲಿ ಬೊಜ್ಜವಾಗದವನು ಹಿರಿಯರ ಸಾಲಿಗೆ ಸೇರುವುದಿಲ್ಲ, ಹೊರಗೇ ಉಳಿಯುತ್ತಾನೆ. ಜೊತೆಗೆ ಅವರ ಕುಟುಂಬದ ಪದ್ಧತಿಯಂತೆ ಆ ದಿನ ಸತ್ತವರ ಒಂದು ಬಟ್ಟೆಯನ್ನು ಮಣೆಯ ಮೇಲಿಟ್ಟು, ಹೆಸರು ಹಿಡಿದು ಕರೆದು ಎಲೆ ಬಡಿಸಬೇಕು. ಪೂವಪ್ಪನದೆಂದು ಒಂದು ಚಿಂದಿಯೂ ಮನೆಯಲ್ಲಿ ಇರಲಿಲ್ಲ.

ಮುಂದಿನ ಶುಕ್ರವಾರ ಗುರುವಪ್ಪಣ್ಣ ಬಾವುಟವನ್ನು ತೆಗೆದುಕೊಂಡು ಘಣಸೋಲಿಗೆ ಹೋದರು. ಫೋಟೋದ ಪಕ್ಕ ಇಟ್ಟು ನೋಡಿದರು. ಮಸುಕಾದ ಫೋಟೋ, ಬಣ್ಣವಿಲ್ಲ, ಬಾವುಟದ ಅರ್ಧ ಮಡಿಕೆಯಲ್ಲಿ ಮುಚ್ಚಿಹೋಗಿದೆ. ಆದರೂ ಹೌದು, ಇದೇ ಎಂದರು. ಬೇರೆ ಯಾರಾದರೂ ಹೀಗೆ ಹೇಳಿದ್ದರೆ ಗುರುವಪ್ಪಣ್ಣನೇ ನಗುತ್ತಿದ್ದರು. ಮುದುಕಿಯೊಬ್ಬಳು ಎದುರು ಕುಳಿತು ಬಾಯಿ ನೋಡುತ್ತಿದ್ದಾಗ ಅವರ ಕಣ್ಣು ಬೇಕಾದದ್ದನ್ನೇ ಕಂಡಿತು.

ಬಾವುಟವನ್ನು ಅಲ್ಲೇ ಬಿಟ್ಟು ಬಂದರು. ಆಮೇಲೆ ಪ್ರತಿ ಶುಕ್ರವಾರ ಹೋಗತೊಡಗಿದರು. ಕಾರ್ಖಾನೆಗೆ ಶುಕ್ರವಾರ ರಜೆಯಿತ್ತು, ಕೆಲಸ ಬಿಟ್ಟು ಎಷ್ಟೋ ವರ್ಷವಾದರೂ ಅವರಿಗೆ ರಜೆಯೆಂದರೆ ಶುಕ್ರವಾರವೇ. ಕಲ್ಯಾಣದಿಂದ ಠಾಣೆ, ಠಾಣೆಯಲ್ಲಿ ಸೇತುವೆ ಹತ್ತಿ ಇಳಿದು ಪನವೇಲ್ ಕಡೆಯ ಗಾಡಿ, ಘಣಸೋಲಿಯಲ್ಲಿ ಇಳಿದು ನಡಿಗೆ. ಪದ್ಮಾವತಿ ಅಕ್ಕ ಬಾಗಿಲು ತೆರೆದಿಟ್ಟು ಕಾಯುತ್ತಿದ್ದರು. ಮಾನಸಿ "ಆಜೋಬಾ, ಬಸಾ ನಾ" ಎಂದು ಕುರ್ಚಿ ಎಳೆದು ಚಹಾ ಕೊಡುತ್ತಿದ್ದಳು. ಗುರುವಪ್ಪಣ್ಣ ಬಾವುಟದ ಬಗ್ಗೆ ಹೇಳುವುದು, ಪದ್ಮಾವತಿ ಅಕ್ಕ ಕೇಳುವುದು. ಮೂವತ್ತೆಂಟು ವರ್ಷದಲ್ಲಿ ಗುರುವಪ್ಪಣ್ಣನ ಮಾತನ್ನು ಕೊನೆಯವರೆಗೂ ಕೇಳಿದವರು ಈ ಅಕ್ಕ ಒಬ್ಬರೇ. ನಾನು ಕೇಳಿರಲಿಲ್ಲ, ನಡುವೆಯೇ ಗಡಿಯಾರ ನೋಡುತ್ತಿದ್ದೆ.

"ವಸಂತರೇ, ಅಲ್ಲಿ ನನಗೆ ಅಂತ ಒಂದು ಬೇರೆ ಕಪ್ಪು ಉಂಟು" ಎಂದು ಒಮ್ಮೆ ನನಗೆ ಹೇಳಿದರು. ಎಪ್ಪತ್ಮೂರು ವರ್ಷದ ಗಂಡಸು ಇದನ್ನು ಹೇಳುವಾಗ ನಾನು ತಮಾಷೆ ಮಾಡಿದೆ. ಯಾಕೆ ಮಾಡಿದೆನೋ.

ಮಳೆಗಾಲದಲ್ಲಿ ಪದ್ಮಾವತಿ ಅಕ್ಕ ನಿಶ್ಚಯ ಮಾಡಿದರು. ಎಂಬತ್ತು ವರ್ಷದಿಂದ ಹೊರಗೆ ನಿಂತಿರುವ ತಂದೆಯ ಬೊಜ್ಜ ಮಾಡುವುದು. ಮಣೆಯ ಮೇಲಿಡಲು ಈಗ ಬಟ್ಟೆ ಇತ್ತಲ್ಲ. ಅಪ್ಪನ ಮೈ ಮುಟ್ಟಿದ್ದಲ್ಲದಿದ್ದರೂ ಅಪ್ಪ ನೆರಳಿಗೆ ಕೂತ ಬಟ್ಟೆ. ದಿನ ಗೊತ್ತಾಯಿತು, ಊರಿನಿಂದ ನೆಂಟರಿಗೆ ಟಿಕೆಟ್ ಆಯಿತು. ಕೋಲು ತೂರಿಸುವ ಮಡಿಕೆ ಸ್ವಲ್ಪ ಸಡಿಲವಾಗಿದೆ, ಗಟ್ಟಿ ಮಾಡಿ ತರುತ್ತೇನೆಂದು ಗುರುವಪ್ಪಣ್ಣ ಬಾವುಟವನ್ನು ಕಲ್ಯಾಣಕ್ಕೆ ತಂದರು.

ಮರುದಿನ ಮಧ್ಯಾಹ್ನ ನಾಲ್ಕು ಗಂಟೆಗೆ ನಮ್ಮ ಮನೆಯ ಬಾಗಿಲಲ್ಲಿ ನಿಂತಿದ್ದರು. ಕೈಯಲ್ಲಿ ತಲೆದಿಂಬಿನ ಚೀಲ, ಅದರೊಳಗೆ ಬಾವುಟ. ಜಯಲತಾ ನೀರು ಕೊಟ್ಟರೆ ಕುಡಿಯಲಿಲ್ಲ. ಬಾವುಟ ತೆಗೆದು ಮಡಿಕೆಯ ಜಾಗ ತೋರಿಸಿದರು. ಸೂಜಿ ತಾಗಿದ್ದೇ ಹಳೆಯ ನೂಲು ತಾನಾಗಿ ಪುಡಿಯಾಗಿ, ಮಡಿಕೆ ಬಾಯಿ ಬಿಟ್ಟಿತ್ತು. ಒಳಗೆ ಬಟ್ಟೆಯ ಅಂಚು. ಅಂಚಿನಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಒಂದು ಗಂಟು. ಎರಡು ಸುತ್ತು, ತುದಿ ಒಳಗೆ.

"ಇದು ನನ್ನ ಕೈ" ಎಂದರು.

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ಭಿವಂಡಿಯಲ್ಲಿ ಅವರೇ ಕೆಟ್ಟದ್ದೆಂದು ಗುರುತು ಹಾಕಿ ಬೇರೆ ಮಾಡಿಸಿದ ತುಂಡು ಅದು. ಯುದ್ಧ ಮುಗಿದು ಎಷ್ಟೋ ದಶಕದ ಮೇಲೆ ನೇಯ್ದ ಬಟ್ಟೆ. ಬೆಳಿಗ್ಗೆಯೇ ಅವರು ಅದನ್ನು ಮಾರಿದ ಗುಜರಿಯವನ ಬಳಿ ಓಡಿದ್ದರು. "ಶೂಟಿಂಗ್ ಕಾ ಮಾಲ್ ಥಾ, ಚಾಚಾ" ಎಂದನಂತೆ ಅವನು. ಠಾಣೆಯ ಆಚೆ ಸಿನಿಮಾದವರ ಒಂದು ಗೋಡೌನು ಖಾಲಿಯಾದಾಗ ಬಂದ ಸಾಮಾನು. ಯಾವುದೋ ಯುದ್ಧದ ದೃಶ್ಯಕ್ಕೆ ಹಳೆಯ ಫೋಟೋ ನೋಡಿ ಹೊಲಿಸಿ, ಚಹಾದ ನೀರಿನಲ್ಲಿ ಅದ್ದಿ ಹಳತು ಮಾಡಿದ್ದರು. ಯಾರೂ ಯಾರಿಗೂ ಮೋಸ ಮಾಡಿರಲಿಲ್ಲ. ಮೋಸ ಹೋದವರು ಗುರುವಪ್ಪಣ್ಣ, ಅದೂ ತಾನು ಪರೀಕ್ಷೆ ಮಾಡಿದ ಬಟ್ಟೆಯಿಂದಲೇ.

"ಬೊಜ್ಜಕ್ಕೆ ಒಂಬತ್ತು ದಿನ ಉಂಟು. ನಾನು ಎಂತ ಮಾಡ್ಬೇಕು ವಸಂತರೇ?"

"ಎಂತ ಮಾಡುವುದು, ಹೊಲಿದು ಕೊಟ್ಟು ಸುಮ್ಮನಿರುವುದು" ಎಂದೆ. "ಆ ಹೆಂಗಸಿಗೆ ಈ ವಯಸ್ಸಿನಲ್ಲಿ ಒಂದು ಸಮಾಧಾನ ಸಿಕ್ಕಿದೆ. ಅದನ್ನು ಕಿತ್ತು ನಿಮಗೇನು ಸಿಗ್ತದೆ?"

ಒಳಗಿನಿಂದ ಜಯಲತಾ ಬಂದಳು. "ಹೇಳುವುದಾದ್ರೆ ಇವತ್ತೇ ಹೋಗಿ ಹೇಳಿ ಬನ್ನಿ ಗುರುವಪ್ಪಣ್ಣ. ತಡ ಆದಷ್ಟು ಕಷ್ಟ."

ನಿನಗೆ ತಿಳಿಯುವುದಿಲ್ಲ, ಸುಮ್ಮನಿರು ಎಂದು ನಾನು ಗದರಿದೆ. ಗುರುವಪ್ಪಣ್ಣ ನನ್ನ ಮುಖವನ್ನೇ ನೋಡುತ್ತಿದ್ದರು. ಅವರಿಗೆ ಬೇಕಾಗಿದ್ದದ್ದು ನನ್ನ ಮಾತು, ಜಯಲತಾಳದಲ್ಲ. ಹೇಳಿದರೆ ಶುಕ್ರವಾರ ಹೋಗುತ್ತದೆ. ಘಣಸೋಲಿಯ ಬಾಗಿಲು, ಆ ಕಪ್ಪು, ಎಲ್ಲ ಹೋಗುತ್ತದೆ. ಅದೊಂದೇ ಅವರ ಹೆದರಿಕೆ ಎಂದು ನನಗೂ ಗೊತ್ತಿತ್ತು, ಗೊತ್ತಿದ್ದೇ ಅವರು ಕೇಳಬಯಸಿದ್ದನ್ನು ಹೇಳಿದೆ. ಅವರು ಬಾವುಟ ಮಡಚಿಕೊಂಡು ಹೋದರು.

ಬೊಜ್ಜ ಚೆನ್ನಾಗಿ ಆಯಿತು. ನಾನೂ ಹೋಗಿದ್ದೆ. ಹೊಲಿದು ಗಟ್ಟಿ ಮಾಡಿದ ಬಾವುಟವನ್ನು ಮಣೆಯ ಮೇಲೆ ಮಡಚಿಟ್ಟು, ಮುಂದೆ ಎಲೆ ಹಾಕಿ, ಅನ್ನ, ಕೋಳಿ ಪದಾರ್ಥ ಎಲ್ಲ ಬಡಿಸಿದರು. ಪದ್ಮಾವತಿ ಅಕ್ಕ ನೆಲಕ್ಕೆ ಕೈಯೂರಿ ಕುಳಿತು "ಅಪ್ಪಾ, ಬಂದು ಉಣ್ಣಿ" ಎಂದು ತುಳುವಿನಲ್ಲಿ ಕರೆದರು. ಹೇಳಿ ಅಭ್ಯಾಸವಿಲ್ಲದ ಮಾತು, ಮೊದಲ ಸಲ ಗಂಟಲಿನಲ್ಲೇ ಉಳಿಯಿತು, ಎರಡನೆಯ ಸಲಕ್ಕೆ ಹೊರಗೆ ಬಂತು. ಅಲ್ಲಿದ್ದ ಹೆಂಗಸರು ಅತ್ತರು. ಊಟಕ್ಕೆ ಕೂತಾಗ ಊರಿನಿಂದ ಬಂದ ನೆಂಟರು ಗುರುವಪ್ಪಣ್ಣನನ್ನು ಮೊದಲ ಎಲೆಗೆ ಕೂರಿಸಿ, ನಿಮ್ಮಿಂದ ಒಂದು ಪುಣ್ಯದ ಕೆಲಸ ಆಯಿತು ಎಂದರು. ಅವರು ಅನ್ನವನ್ನು ಕಲಸುತ್ತಲೇ ಇದ್ದರು, ಬಾಯಿಗೆ ಹೋದದ್ದು ನಾನು ಕಾಣಲಿಲ್ಲ.

ಮೂರು ಶುಕ್ರವಾರ ಕಳೆದ ಮೇಲೆ ನನಗೆ ಫೋನ್ ಮಾಡಿ, ಘಣಸೋಲಿಗೆ ಜೊತೆಗೆ ಬನ್ನಿ ಎಂದರು. ಯಾಕೆ ಎಂದು ಹೇಳಲಿಲ್ಲ. ಪದ್ಮಾವತಿ ಅಕ್ಕ ಎಂದಿನಂತೆ ಬಾಗಿಲಲ್ಲೇ ಇದ್ದರು. ಬಾವುಟ ಗೋಡೆಯ ಮೇಲೆ, ಪೂವಪ್ಪನ ಫೋಟೋದ ಕೆಳಗೆ. ಮಾನಸಿ ಚಹಾ ತಂದಿಟ್ಟಳು. ಗುರುವಪ್ಪಣ್ಣ ಕಪ್ಪನ್ನು ಮುಟ್ಟದೆ, ತಲೆ ಬಗ್ಗಿಸಿಕೊಂಡು ಎಲ್ಲವನ್ನೂ ಹೇಳಿಬಿಟ್ಟರು. ಗಂಟು, ಗುಜರಿಯವನು, ಸಿನಿಮಾ, ಚಹಾದ ನೀರು.

ನನಗೆ ಸಿಟ್ಟು ಬಂತು. ಒಮ್ಮೆ ನುಂಗಿದ್ದನ್ನು ಹಾಗೆಯೇ ಇಟ್ಟುಕೊಳ್ಳಲು ಈ ಮನುಷ್ಯನಿಗೆ ಏನಾಗಿತ್ತು ಎನಿಸಿತು. ಆಮೇಲೆ ಗೊತ್ತಾಯಿತು. ವಾರವಾರವೂ ಆ ಬಾವುಟದ ಅಡಿಯಲ್ಲಿ ಕೂತು ಚಹಾ ಕುಡಿಯಬೇಕಾದವರು ಅವರು, ನಾನಲ್ಲ.

ಪದ್ಮಾವತಿ ಅಕ್ಕ ಒಮ್ಮೆ ಗೋಡೆಯ ಬಾವುಟ ನೋಡಿದರು. ಆಮೇಲೆ ಕೇಳಿದ್ದು ಒಂದೇ.

"ಆ ಗಂಟು ನಿಮಗೆ ಯಾವಾಗ ಕಂಡದ್ದು?"

"ಬೊಜ್ಜಕ್ಕೆ ಒಂಬತ್ತು ದಿನ ಮೊದಲು."

"ಆವಾಗಲೇ ಹೇಳಿದ್ರೆ ನಾನು ಅಮ್ಮನ ಸೀರೆಯನ್ನಾದ್ರೂ ಇಟ್ಟು ಕರೀತಿದ್ದೆ" ಎಂದರು. ದನಿ ಏರಲಿಲ್ಲ. "ಹೇಳದೇ ಇದ್ದಿದ್ರೆ ಇದೇ ನೆಮ್ಮದಿಯಲ್ಲಿ ಸಾಯ್ತಿದ್ದೆ. ಎರಡೂ ಬಿಟ್ಟು, ನಿಮಗೆ ತಡೀಲಿಕ್ಕೆ ಆಗದ ಹೊತ್ತಿಗೆ ಬಂದು ಹೇಳಿದಿರಿ."

ಸುಮ್ಮನಿರಲು ಹೇಳಿದ್ದು ನಾನು ಎಂದು ಆಗ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಗುರುವಪ್ಪಣ್ಣ ನನ್ನ ಕಡೆ ತಿರುಗಿಯೂ ನೋಡಲಿಲ್ಲ, ನನ್ನ ಹೆಸರೂ ಎತ್ತಲಿಲ್ಲ. ಎದ್ದು, ಬಾವುಟವನ್ನು ತೆಗೆಯಲು ಗೋಡೆಯ ಕಡೆ ಹೋದರು.

"ಅದನ್ನು ಮುಟ್ಟಬೇಡಿ" ಎಂದರು ಪದ್ಮಾವತಿ ಅಕ್ಕ. "ಎಂಬತ್ತೊಂದು ವರ್ಷದಲ್ಲಿ ನಾನು ಅಪ್ಪ ಅಂತ ಕರೆದದ್ದು ಒಂದೇ ಸಲ, ಆ ಬಟ್ಟೆಯನ್ನು. ಇನ್ನು ಅದಕ್ಕೂ ನಿಮಗೂ ಸಂಬಂಧ ಇಲ್ಲ. ಬಟ್ಟೆ ಇಲ್ಲೇ ಇರಲಿ. ನೀವು ಬರುವುದು ಬೇಡ."

ಮಾನಸಿ ಏನೂ ಅರ್ಥವಾಗದೆ ನಮ್ಮನ್ನು ಲಿಫ್ಟಿನವರೆಗೆ ಬಿಟ್ಟು ಹೋದಳು. ಘಣಸೋಲಿ ಸ್ಟೇಷನ್ನಿನಲ್ಲಿ ಠಾಣೆಯ ಎರಡು ಗಾಡಿ ಬಂದು ಹೋದವು, ಗುರುವಪ್ಪಣ್ಣ ಬೆಂಚಿನಿಂದ ಏಳಲಿಲ್ಲ. ನಾನು ತಪ್ಪಾಯಿತು ಎಂದೆ. "ನೀವು ಹೇಳಿದ್ದು ಹೌದು, ಆದ್ರೆ ಕೇಳಿದ್ದು ನಾನಲ್ವಾ" ಎಂದರು.

ಆಮೇಲೆ ಅವರು ಗುಜರಿ ಅಂಗಡಿಗಳಿಗೆ ಹೋಗುವುದನ್ನು ಬಿಟ್ಟರು. ಉಳಿದ ನಲವತ್ತೊಂದರಲ್ಲಿ ಎಷ್ಟು ನಿಜವೋ ತನಗೇ ಗೊತ್ತಿಲ್ಲ, ಗೊತ್ತು ಮಾಡಬೇಕಾದರೆ ಎಲ್ಲ ಹೊಲಿಗೆ ಬಿಚ್ಚಬೇಕು ಎಂದು ಒಮ್ಮೆ ಹೇಳಿದರು. ಬಿಚ್ಚಲಿಲ್ಲ. ಶುಕ್ರವಾರಗಳಂದು ನಾನು ಕಲ್ಯಾಣಕ್ಕೆ ಹೋಗತೊಡಗಿದೆ. ಜಯಲತಾ ಕಟ್ಟಿಕೊಟ್ಟ ನೀರುದೋಸೆ ಒಯ್ಯುತ್ತಿದ್ದೆ. ತಿನ್ನುತ್ತಿದ್ದರು, ಚೆನ್ನಾಗಿದೆ ಎನ್ನುತ್ತಿದ್ದರು. ಬಾವುಟದ ಬಗ್ಗೆ ಹೇಳಿ ಎಂದು ನಾನಾಗಿ ಕೇಳಿದರೂ ಹೇಳುತ್ತಿರಲಿಲ್ಲ. ನಾನು ಅವರಿಗಾಗಿ ಹೋಗುತ್ತಿಲ್ಲ, ನನಗಾಗಿ ಹೋಗುತ್ತಿದ್ದೇನೆ ಎಂದು ಅವರಿಗೆ ತಿಳಿಯದೆ ಇರುತ್ತದೆಯೇ?

ಜನವರಿಯಲ್ಲಿ ಮಾನಸಿಯ ಫೋನ್ ಬಂತು. ಪದ್ಮಾವತಿ ಅಕ್ಕ ತೀರಿಕೊಂಡು ಹದಿನೈದು ದಿನವಾಗಿತ್ತು, ಬೊಜ್ಜವೂ ಮುಗಿದಿತ್ತು. ಹುಡುಗಿ ಹಿಂದಿಯಲ್ಲಿ ಅಳುತ್ತಾ ಹೇಳಿದಳು. ಎಲ್ಲ ಮುಗಿಯುವವರೆಗೂ ಗುರುವಪ್ಪನವರಿಗೆ ಸುದ್ದಿ ಹೋಗಬಾರದು ಎಂದು ಅಜ್ಜಿ ಮೂರು ಸಲ ಮಾತು ತೆಗೆದುಕೊಂಡಿದ್ದರಂತೆ. ಬಾವುಟವನ್ನು ಮಾತ್ರ ತನ್ನ ಎದೆಯ ಮೇಲೆ ಹಾಕಿ ಕಳಿಸಿ ಎಂದಿದ್ದರಂತೆ. ಹಾಗೆಯೇ ಮಾಡಿದ್ದರು.

ನಾನು ಆಗಲೇ ಹೊರಟೆ. ಕಲ್ಯಾಣದ ಖೋಲಿಯಲ್ಲಿ ಗುರುವಪ್ಪಣ್ಣ ಅಂಗಿಗೆ ಗುಂಡಿ ಹೊಲಿಯುತ್ತಾ ಕೂತಿದ್ದರು. ಸುದ್ದಿ ಹೇಳಿದೆ. ಸೂಜಿಯನ್ನು ಅಂಗಿಗೇ ಚುಚ್ಚಿಟ್ಟರು.

"ಬಟ್ಟೆ?"

"ಅವರ ಜೊತೆಗೇ ಹಾಕಿದರಂತೆ."

"ಅಪ್ಪಟ ಹತ್ತಿ ಅದು" ಎಂದರು. "ಚೆನ್ನಾಗಿ ಉರಿದಿರ್ತದೆ."

ಮತ್ತೆ ಸೂಜಿ ಎತ್ತಿಕೊಂಡರು. ಮಾನಸಿಯವರು ತನಗೆ ಯಾಕೆ ಮೊದಲೇ ತಿಳಿಸಲಿಲ್ಲ ಎಂದು ಕೇಳುತ್ತಾರೆಂದು ಕಾದೆ. ಫೋನ್ ಕೆಟ್ಟಿತ್ತಂತೆ, ಗಡಿಬಿಡಿಯಲ್ಲಿ ಮರೆತರಂತೆ ಎಂದು ಹೇಳಲು ಗಾಡಿ ಠಾಕುರ್ಲಿ ದಾಟುವಷ್ಟರಲ್ಲಿ ನಾನು ಒಂದು ಸುಳ್ಳನ್ನು ಸಿದ್ಧ ಮಾಡಿಕೊಂಡಿದ್ದೆ. ಅವರು ಕೇಳಲಿಲ್ಲ.